ರಟ್ಟೆಗೆ ರಜೆ

2024 ಜನವರಿ 18, ಗುರುವಾರ. ಕುಂತೂರು

ತಮ್ಮ ಇವತ್ತು ಟ್ರೈಲರಿನಿಂದ ಜಾರಿದ. ಕಬ್ಬಿನ ಹೊರೆ ಹೊತ್ತು ಹಲಗೆ ಹತ್ತುವಾಗ ಕಾಲು ತಪ್ಪಿದೆ. ಹೊರೆ ಆಚೆ ಬಿತ್ತು, ಇವನು ಬಲಗೈಯಲ್ಲಿ ಟ್ರೈಲರಿನ ಅಡ್ಡಪಟ್ಟಿ ಹಿಡಿದು ಜೋತುಬಿದ್ದ. ಕೈ ಸಿಗದಿದ್ದರೆ ಸೊಂಟ ಮುರಿಯುತ್ತಿತ್ತು, ಮಾದಪ್ಪ ಕಾಪಾಡಿದ ಎಂದರು ಜೊತೆಯವರು. ಈಗ ಆ ಕೈಯೇ ಮೇಲೇಳುತ್ತಿಲ್ಲ.

"ಏನೂ ಆಗಿಲ್ಲ ಕನಕ್ಕ, ವಸಿ ಉಳುಕದ" ಎಂದ. ರಾತ್ರಿ ಮುದ್ದೆಗೆ ಕೂತಾಗ ನೋಡಿದೆ. ಕೈ ಬಾಯಿಗೆ ಬರುತ್ತಿರಲಿಲ್ಲ, ಬಾಯನ್ನೇ ಕೈಯ ಹತ್ತಿರಕ್ಕೆ ತಂದು ತಿನ್ನುತ್ತಿದ್ದ. ಅವ್ವನೂ ನೋಡಿದಳು. ಯಾರೂ ಮಾತೆತ್ತಲಿಲ್ಲ.

ಜನವರಿ 23, ಮಂಗಳವಾರ

ತಮ್ಮ ನಾಟಿವೈದ್ಯರ ಹತ್ತಿರ ಹೋಗಿ ಬಂದ. ಎಣ್ಣೆ ನೀವಿ, ಬಟ್ಟೆಯನ್ನು ಎದೆಯ ಮೇಲೆ ಅಡ್ಡಡ್ಡ ಹಾಯಿಸಿ ಕಟ್ಟಿ ಕಳಿಸಿದ್ದಾರೆ. ಆ ಕಟ್ಟನ್ನು ನಾನು ಹಗುರವಾಗಿ ಕಾಣಲಾರೆ. ಹೆಗಲ ಕೀಲು ತಪ್ಪಿದರೆ ಕಂಕುಳನ್ನು ಒನಕೆಯಿಂದ ಮೇಲೆತ್ತಿ ಕೂರಿಸಿ, ಆಮೇಲೆ ಸ್ವಸ್ತಿಕದ ಹಾಗೆ ಅಡ್ಡಕಟ್ಟು ಹಾಕಬೇಕು ಎಂದು ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿದೆ. ಆ ಅಡ್ಡಕಟ್ಟು ಸಾವಿರಾರು ವರ್ಷ ದಾಟಿ ನಮ್ಮ ಸೀಮೆಯ ವೈದ್ಯರ ಕೈಯಲ್ಲಿ ಇನ್ನೂ ಉಳಿದಿದೆ. ತಪ್ಪಿದ ಕೀಲಿಗೆ ಅದು ಸರಿಯಾದ ಕಟ್ಟು. ತಮ್ಮನ ಕೀಲು ತಪ್ಪಿಲ್ಲ ಎಂದು ಮಾತ್ರ ನನಗೆ ಅನ್ನಿಸುತ್ತಿದೆ. ಹೆಗಲಿನ ಗುಂಡನೆಯ ಆಕಾರ ಎರಡೂ ಕಡೆ ಒಂದೇ ಥರ ಇದೆ. ಎತ್ತುವ ಶಕ್ತಿಯೇ ಹೋಗಿದೆ.

ಎಡಮಗ್ಗುಲಿಗೇ ಮಲಗುತ್ತಾನೆ. ನಡುರಾತ್ರಿ ಎದ್ದು ಕೂರುತ್ತಾನೆ.

ಫೆಬ್ರವರಿ 5, ಸೋಮವಾರ

ಶಾಲೆಗೆ ರಜೆ ಹಾಕಿ, ಯಳಂದೂರು, ಸಂತೇಮರಹಳ್ಳಿ ಮೇಲೆ ಚಾಮರಾಜನಗರಕ್ಕೆ ಕರೆದುಕೊಂಡು ಹೋದೆ. ಸಿಮ್ಸ್‌ ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನೂಕುನುಗ್ಗಲು. ಆದರೂ ವೈದ್ಯರು ಅವಸರ ಮಾಡಲಿಲ್ಲ. ತೋಳನ್ನು ತಾವೇ ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ, "ಬಿಡ್ತೀನಿ, ನಿಧಾನವಾಗಿ ಇಳಿಸಿ" ಎಂದರು. ಬಿಟ್ಟ ತಕ್ಷಣ ತೋಳು ದೊಪ್ಪನೆ ಬಿತ್ತು. ಹೆಬ್ಬೆರಳು ನೆಲ ನೋಡುವಂತೆ ಕೈ ಮುಂದೆ ಚಾಚಿಸಿ ಮಣಿಕಟ್ಟಿನ ಮೇಲೆ ಒತ್ತಿದರು. ತಡೆದುಕೊಳ್ಳಲಾಗಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ. ಮುರಿದ ಮೂಳೆ ಎಕ್ಸ್‌ರೇಯಲ್ಲಿ ಕಾಣುತ್ತದೆ, ಹರಿದ ಸ್ನಾಯುರಜ್ಜು ಕಾಣುವುದಿಲ್ಲ, ಎಂಆರ್‌ಐ ಬೇಕು ಎಂದು ಬರೆದುಕೊಟ್ಟರು.

ಮೂಳೆ ಮುರಿದಿಲ್ಲ ಎಂದು ಕೇಳಿದ್ದೇ ತಮ್ಮನ ಮುಖ ಅರಳಿತು. "ನಾಡಿದ್ದು ಕಟಾವಿಗೆ ಹೋಗನ ಬುಡು" ಎಂದ. ನಮ್ಮ ಕಡೆ ಎಷ್ಟು ಹೆಗಲುಗಳು ಹೀಗೆಯೇ ಹಾಳಾಗಿರಬಹುದು! ಮುರಿದಿಲ್ಲ ಎಂದರೆ ಏನೂ ಆಗಿಲ್ಲ ಎಂದೇ ಎಲ್ಲರ ಲೆಕ್ಕ.

ಫೆಬ್ರವರಿ 12, ಸೋಮವಾರ

ಎಂಆರ್‌ಐ ವರದಿ ಹಿಡಿದು ಮೈಸೂರಿಗೆ. ಬಸ್ಸಿನಲ್ಲಿ ಟಿ. ನರಸೀಪುರದ ತನಕ ಇಬ್ಬರೂ ಸುಮ್ಮನಿದ್ದೆವು.

ಸುಪ್ರಾಸ್ಪೈನೇಟಸ್ ಪೂರ್ತಿ ಹರಿದಿದೆ. ವಿಜ್ಞಾನದ ಪಾಠ ಮಾಡುವ ನನಗೂ ಹೆಗಲು ಇಷ್ಟು ವಿಚಿತ್ರವಾದ ಕೀಲು ಎಂದು ಗೊತ್ತಿರಲಿಲ್ಲ. ಸರ್ಜನ್ ಹೇಳಿದ್ದನ್ನು ಬರೆದಿಡುತ್ತೇನೆ. ತೊಡೆಯ ಕೀಲಿನ ಗುಂಡು ಆಳವಾದ ಗುಳಿಯಲ್ಲಿ ಕೂತಿರುತ್ತದೆ. ಹೆಗಲಿನದು ಹಾಗಲ್ಲ, ತಟ್ಟೆಯ ಮೇಲೆ ತೆಂಗಿನಕಾಯಿ ಇಟ್ಟ ಹಾಗೆ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ, ಅದಕ್ಕೇ ಜಾರುತ್ತದೆ. ಗುಂಡನ್ನು ಜಾಗದಲ್ಲಿ ಹಿಡಿದಿಡುವುದು ಹೆಗಲೆಲುಬಿನಿಂದ ಬಂದು ತೋಳುಮೂಳೆಯ ತಲೆಯನ್ನು ಸುತ್ತುವ ನಾಲ್ಕು ಸ್ನಾಯುಗಳ ರಜ್ಜುಗಳು. ಈ ನಾಲ್ಕಕ್ಕೂ ಸೇರಿ ರೊಟೇಟರ್ ಕಫ್ ಎನ್ನುತ್ತಾರೆ. ಅವುಗಳಲ್ಲಿ ಮೇಲಿನದು ಸುಪ್ರಾಸ್ಪೈನೇಟಸ್. ಕೈ ಎತ್ತಲು ಶುರುಮಾಡುವುದರಲ್ಲಿ ಅದರ ಪಾಲು ದೊಡ್ಡದು. ಮೇಲೆ ಹೆಗಲ ಮೂಳೆಯ ಚಾವಣಿ, ಕೆಳಗೆ ತೋಳಿನ ಗುಂಡು; ನಡುವಿನ ಇಕ್ಕಟ್ಟಿನಲ್ಲಿ ಅದು ಓಡಾಡಬೇಕು. ವರ್ಷಗಟ್ಟಲೆ ತಲೆಯ ಮೇಲಕ್ಕೆ ಭಾರ ಎತ್ತಿದವರಲ್ಲಿ ಅದು ಮೊದಲೇ ಸವೆದಿರುತ್ತದೆ. ಆಮೇಲೆ ಒಂದು ಜಗ್ಗು ಸಾಕು.

ಮಾತ್ರೆ, ವ್ಯಾಯಾಮಗಳಲ್ಲಿ ಆಗುವುದಿಲ್ಲವೇ ಎಂದು ಕೇಳಿದೆ. ವಯಸ್ಸಾದವರಲ್ಲಿ ಮೆಲ್ಲಗೆ ಸವೆದು ಹರಿದಿದ್ದರೆ ತಾವೂ ಮೊದಲು ವ್ಯಾಯಾಮವನ್ನೇ ಹೇಳುತ್ತಿದ್ದರಂತೆ. ಎಷ್ಟೋ ಜನ ಅದರಲ್ಲೇ ಸುಧಾರಿಸಿಕೊಳ್ಳುತ್ತಾರೆ. ಇವನಿಗೆ ನಲವತ್ತು ತುಂಬಿಲ್ಲ, ದುಡಿಯುವ ಕೈ, ಪೆಟ್ಟು ಬಿದ್ದು ಒಮ್ಮೆಲೇ ಪೂರ್ತಿ ಹರಿದಿರುವುದು. ಬಿಟ್ಟರೆ ರಜ್ಜು ಹಿಂದಕ್ಕೆ ಸರಿದುಕೊಳ್ಳುತ್ತದೆ, ಸ್ನಾಯು ಸೊರಗಿ ಅದರೊಳಗೆ ಕೊಬ್ಬು ತುಂಬುತ್ತದೆ, ಆಮೇಲೆ ಹೊಲಿಯಲು ಎಳೆದರೂ ಬರುವುದಿಲ್ಲ. ಹಾಗಾಗಿ ಆಪರೇಷನ್ ಬೇಗ ಆಗಬೇಕು.

ಆರೋಗ್ಯ ಕರ್ನಾಟಕ ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಕಾರ್ಡಿನಲ್ಲಿ ಏನು ಬರುತ್ತದೆ, ರಜ್ಜನ್ನು ಮೂಳೆಗೆ ಬಿಗಿಯುವ ಆಂಕರ್‌ಗಳಿಗೆ ಕೈಯಿಂದ ಎಷ್ಟು ಹಾಕಬೇಕು ಎಂಬುದನ್ನು ಆರೋಗ್ಯ ಮಿತ್ರರ ಹತ್ತಿರ ಮೊದಲೇ ಬರೆಸಿಕೊಳ್ಳಬೇಕು. ಬಾಯಿಮಾತು ಬೇಡ.

ಫೆಬ್ರವರಿ 18, ಭಾನುವಾರ

ಸಣ್ಣ ತೂತು ಕೊರೆದು ಮಾಡುವ ಆಪರೇಷನ್ ಎಂಬ ಸುದ್ದಿ ಬೀದಿಯೆಲ್ಲಾ ಹಬ್ಬಿದೆ. ಹೆಗಲು ನೋಯುವವರೆಲ್ಲ ಮನೆಗೆ ಬರುತ್ತಿದ್ದಾರೆ. ಗಾಯ ಸಣ್ಣದು ಎಂದರೆ ಚಿಕಿತ್ಸೆಯೂ ಸಣ್ಣದು ಎಂದುಕೊಂಡಿದ್ದಾರೆ. ಅವ್ವನೂ ಕೇಳಿದಳು, ತನಗೂ ಅದನ್ನೇ ಮಾಡಿಸಬಹುದಾ ಎಂದು.

ಅವ್ವನ ಹೆಗಲು ಬೇರೆ. ಸಕ್ಕರೆ ಕಾಯಿಲೆ ಇರುವವಳು. ಕಳೆದ ವರ್ಷದಿಂದ ತುರುಬು ಕಟ್ಟಿಕೊಳ್ಳಲು ಕೈ ಹಿಂದಕ್ಕೆ ಹೋಗುತ್ತಿಲ್ಲ. ತಮ್ಮನ ಕೈಯನ್ನು ಬೇರೆಯವರು ಎತ್ತಿದರೆ ಏಳುತ್ತದೆ, ಅವ್ವನದು ಯಾರು ಎತ್ತಿದರೂ ಏಳುವುದಿಲ್ಲ. ಕೀಲನ್ನು ಸುತ್ತಿದ ಚೀಲವೇ ದಪ್ಪಗಾಗಿ ಬಿಗಿದುಕೊಂಡಿದೆ. ಫ್ರೋಜನ್ ಶೋಲ್ಡರ್. ಮಧುಮೇಹಿಗಳಲ್ಲಿ ಇದು ಉಳಿದವರಿಗಿಂತ ಹೆಚ್ಚು. ಇದಕ್ಕೂ ಕ್ಯಾಮೆರಾ ಹಾಕಿ ಚೀಲ ಬಿಡಿಸುವ ಆಪರೇಷನ್ ಇದೆ. ಆದರೆ ಬ್ರಿಟನ್ನಿನಲ್ಲಿ 503 ರೋಗಿಗಳನ್ನು ಮೂರು ಗುಂಪು ಮಾಡಿ ಪರೀಕ್ಷಿಸಿ 2020ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಪ್ರಕಟಿಸಿದ್ದಾರೆ: ಸ್ಟೀರಾಯ್ಡ್ ಇಂಜೆಕ್ಷನ್ ಜೊತೆ ಫಿಸಿಯೋಥೆರಪಿ, ಅರಿವಳಿಕೆ ಕೊಟ್ಟು ಕೈ ತಿರುಗಿಸಿ ಬಿಡಿಸುವುದು, ಕ್ಯಾಮೆರಾದ ಆಪರೇಷನ್. ವರ್ಷದ ಕೊನೆಗೆ ಯಾವುದೂ ಇನ್ನೊಂದಕ್ಕಿಂತ ಎದ್ದುಕಾಣುವಷ್ಟು ಮೇಲಾಗಿರಲಿಲ್ಲ. ಹಾಗಿದ್ದ ಮೇಲೆ ಅವ್ವನಿಗೆ ಮೊದಲು ಸಕ್ಕರೆ ಹತೋಟಿ, ವ್ಯಾಯಾಮ, ಬೇಕಾದರೆ ಒಂದು ಇಂಜೆಕ್ಷನ್. ಆ ಇಂಜೆಕ್ಷನ್ನಿನಿಂದ ಕೆಲವು ದಿನ ಸಕ್ಕರೆ ಏರುತ್ತದೆ, ಅದನ್ನು ವೈದ್ಯರಿಗೆ ನೆನಪಿಸಬೇಕು.

ಇನ್ನೊಂದು ಬಗೆಯ ಆಪರೇಷನ್ನೂ ಇದೆ. ಮೂಳೆಯ ಚಾವಣಿ ಕೆಳಗೆ ಒತ್ತುತ್ತಿದೆ, ಅದನ್ನು ಸ್ವಲ್ಪ ಕೆರೆದು ಜಾಗ ಮಾಡುತ್ತೇವೆ ಎಂದು ಎಷ್ಟೋ ವರ್ಷ ಎಷ್ಟೋ ಹೆಗಲುಗಳಿಗೆ ಆಪರೇಷನ್ ಆಗಿದೆ. ಬ್ರಿಟನ್ನಿನವರು ಅದನ್ನೂ ಪರೀಕ್ಷೆಗೆ ಹಚ್ಚಿದರು. ಕೆಲವರಿಗೆ ನಿಜವಾಗಿ ಕೆರೆದರು, ಕೆಲವರಿಗೆ ಕ್ಯಾಮೆರಾ ಹಾಕಿ ಸುಮ್ಮನೆ ನೋಡಿ ಮುಚ್ಚಿದರು. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಆ ಫಲಿತಾಂಶದಲ್ಲಿ ಎರಡೂ ಗುಂಪಿನವರ ನೋವು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಗ್ಗಿತ್ತು. ತಮ್ಮ ಕಸುಬಿನ ಬಗ್ಗೆಯೇ ಇಂಥ ಪ್ರಶ್ನೆ ಕೇಳಿಕೊಂಡ ಸರ್ಜನ್ನರ ಮೇಲೆ ನನಗೆ ದೊಡ್ಡ ಗೌರವ. ಇನ್ನು ಮನೆಗೆ ಬಂದವರಿಗೆ ನಾನು ಹೇಳುವುದು ಒಂದೇ: ನಿಮ್ಮ ಹೆಗಲಿಗೆ ಏನಾಗಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ, ಆಪರೇಷನ್ ಮಾತು ಆಮೇಲೆ.

ಮಾರ್ಚ್ 1, ಶುಕ್ರವಾರ. ಮೈಸೂರು

ಆಯಿತು. ಬೆಳಿಗ್ಗೆ ಒಳಗೆ ಹೋದವನು ಮಧ್ಯಾಹ್ನ ಹೊರಗೆ ಬಂದ. ಕತ್ತಿನ ಬುಡದಲ್ಲಿ ನರಗಳ ಗುಂಪಿನ ಸುತ್ತ ಮದ್ದು ಕೊಟ್ಟು ಕೈಯನ್ನು ಮರಗಟ್ಟಿಸಿ, ಮೇಲೆ ಪೂರ್ತಿ ಅರಿವಳಿಕೆಯನ್ನೂ ಕೊಟ್ಟಿದ್ದರು. ಸಣ್ಣ ಸಣ್ಣ ರಂಧ್ರ, ಒಂದೊಂದೂ ಒಂದು ಸೆಂಟಿಮೀಟರಿಗಿಂತ ಚಿಕ್ಕದು. ಒಂದರಲ್ಲಿ ಪೆನ್ಸಿಲ್ಲಿಗಿಂತ ಸಣ್ಣ ಕ್ಯಾಮೆರಾ ಕೊಳವೆ, ಉಳಿದವುಗಳಲ್ಲಿ ಹತಾರಗಳು. ಕೀಲಿನೊಳಗೆ ಉಪ್ಪುನೀರು ಹಾಯಿಸಿ ಹಿಗ್ಗಿಸಿ, ಪರದೆಯ ಮೇಲೆ ನೋಡುತ್ತಾ ಕೆಲಸ. ರಜ್ಜು ಕೂರಬೇಕಾದ ಕಡೆ ಮೂಳೆಯನ್ನು ರಕ್ತ ಜಿನುಗುವಷ್ಟು ಕೆರೆದು, ದಾರ ಪೋಣಿಸಿದ ಆಂಕರ್‌ಗಳನ್ನು ನೆಟ್ಟು, ರಜ್ಜನ್ನು ಎಳೆದು ತಂದು ಬಿಗಿದಿದ್ದಾರೆ. ಹೆಗಲಿನ ಮೇಲಿನ ದೊಡ್ಡ ಸ್ನಾಯುವನ್ನು ಬಿಚ್ಚುವ ಅಗತ್ಯ ಬೀಳಲಿಲ್ಲ. ಈ ವಿಧಾನದ ದೊಡ್ಡ ಲಾಭ ಅದೇ.

ಕಾರಿಡಾರಿನಲ್ಲಿ ಕೂತು ಇದರ ಚರಿತ್ರೆ ಓದುತ್ತಿದ್ದೆ. 1918ರಲ್ಲಿ ಟೋಕಿಯೊದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನು ಹೆಣದ ಮೊಣಕಾಲಿನೊಳಗೆ ತೂರಿಸಿ ನೋಡಿದ. 1931ರಲ್ಲಿ ನ್ಯೂಯಾರ್ಕಿನ ಮೈಕೇಲ್ ಬರ್ಮನ್ ಹೆಗಲೂ ಸೇರಿದಂತೆ ಬೇರೆ ಬೇರೆ ಕೀಲುಗಳೊಳಗೆ ಹೀಗೆಯೇ ಇಣುಕಿದ ವರದಿ ಬಂತು. ಅವತ್ತು ಕಣ್ಣಿಗೆ ಕಂಡದ್ದೇ ದೊಡ್ಡ ಸಂಗತಿ, ಹೊಲಿಯುವ ಮಾತೇ ಇರಲಿಲ್ಲ.

ಸರ್ಜನ್ ಬಂದು, "ನನ್ನ ಕೆಲಸ ಮುಗೀತು, ನಿಮ್ಮದು ಶುರು" ಎಂದರು. ತಮ್ಮ ಅರೆನಿದ್ದೆಯಲ್ಲಿದ್ದ. ಆ ಮಾತು ನನಗೆ ಕೇಳಿಸಿತು.

ಮಾರ್ಚ್ 2, ಶನಿವಾರ

ನಡುರಾತ್ರಿ ಮರಗಟ್ಟು ಬಿಟ್ಟಿತು. ತೂತು ಸಣ್ಣದಾದರೂ ಒಳಗಿನ ಗಾಯ ಸಣ್ಣದಲ್ಲ. ನರ್ಸ್ ಮೊದಲೇ ಹೇಳಿದ್ದರು, ಮರಗಟ್ಟು ಬಿಡುವ ಮೊದಲೇ ನೋವಿನ ಮಾತ್ರೆ ನುಂಗಿಸಿ ಎಂದು. ನುಂಗಿಸಿದ್ದರಿಂದ ಬೆಳಗಾಯಿತು. ಹೆಗಲು ನೀರು ತುಂಬಿ ಊದಿದೆ, ಇಳಿಯುತ್ತದಂತೆ. ಒರಗಿ ಕೂತೇ ನಿದ್ದೆ.

ಮಾರ್ಚ್ 8, ಶುಕ್ರವಾರ. ಶಿವರಾತ್ರಿ

ಊರಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಹೊರಟವರ "ಉಘೇ ಮಾದಪ್ಪ" ಬೆಳಗಿನಿಂದ ಕೇಳುತ್ತಿದೆ. ಪ್ರತಿ ವರ್ಷ ಅವರ ಜೊತೆ ಹನೂರು ಹಾದಿ ಹಿಡಿದು ನಡೆಯುತ್ತಿದ್ದವನು ಈ ಸಲ ಜಗುಲಿಯ ಮೇಲೆ, ತೋಳು ಸ್ಲಿಂಗಿನಲ್ಲಿ.

ಇವನು ಬೀಸು ಕಂಸಾಳೆಯವನು. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ದಾರ ಕಟ್ಟಿದ ತಾಳ. ಅದನ್ನು ತಲೆಯ ಮೇಲಿಂದ, ಬೆನ್ನ ಹಿಂದಿಂದ, ಕಾಲ ಸಂದಿಯಿಂದ ಬೀಸಿ ಬಟ್ಟಲಿಗೆ ಹೊಡೆಯಬೇಕು. ಹೆಗಲು ಎಷ್ಟು ದಿಕ್ಕಿಗೆ ತಿರುಗಬಲ್ಲದು ಎಂದು ಮಕ್ಕಳಿಗೆ ತೋರಿಸಬೇಕಾದರೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಮಾದಪ್ಪನ ಕಾವ್ಯದಲ್ಲಿ ನಮ್ಮ ಕುಂತೂರು ಮಠ ಬರುತ್ತದೆ. ಸುತ್ತೂರು ಮಠದಲ್ಲಿ ಮಾದಪ್ಪ ರಾಗಿ ಬೀಸಿದ ಕತೆಯೂ ಬರುತ್ತದೆ. ಹಾಡುವವರೂ ಕೇಳುವವರೂ ರಟ್ಟೆ ನಂಬಿ ಬದುಕಿದ ಜನ. ಅವರ ದೇವರ ಮಹಿಮೆ ಬೀಸುವ ಕಲ್ಲಿನ ಮುಂದೆಯೇ ಮೆರೆಯುತ್ತದೆ.

"ಕಂಸಾಳೆ ಹಿಡಿಬೋದಾ ಅಕ್ಕ, ಮುಂದ್ಕೆ?" ಎಂದು ಕೇಳಿದ. ಹೊರೆ ಹೊರಬಹುದಾ ಎಂದು ಕೇಳಲಿಲ್ಲ.

ಅವನಿಗೆ ಜಾವಗಲ್ ಶ್ರೀನಾಥರ ವಿಷಯ ಹೇಳಿದೆ. ಮೈಸೂರಿನ ಹುಡುಗ, ವೇಗದ ಬೌಲರ್. 1997ರಲ್ಲಿ ಇದೇ ರೊಟೇಟರ್ ಕಫ್ ಕೆಟ್ಟು ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು, ಆಪರೇಷನ್ ಆಯಿತು, ತಿಂಗಳುಗಟ್ಟಲೆ ಆಟದಿಂದ ಹೊರಗಿದ್ದು ಮರಳಿದರು. 1999ರ ಫೆಬ್ರವರಿಯಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಿನಲ್ಲಿ 132 ರನ್ನಿಗೆ 13 ವಿಕೆಟ್ ತೆಗೆದರು. ಕುಂಬ್ಳೆಯೂ ಹೆಗಲಿನ ಆಪರೇಷನ್ ಮಾಡಿಸಿಕೊಂಡು 2001ರ ಆಸ್ಟ್ರೇಲಿಯಾ ಸರಣಿಯಲ್ಲಿ ಆಡಲಾಗಲಿಲ್ಲ. ಆಮೇಲೆ ಬಂದು ಒಟ್ಟು 619 ಟೆಸ್ಟ್ ವಿಕೆಟ್ಟಿಗೆ ನಿಂತರು. ಕೆ.ಎಲ್. ರಾಹುಲ್ 2017ರಲ್ಲಿ ಹೆಗಲಿಗಾಗಿ ಒಂದು ಐಪಿಎಲ್ಲನ್ನೇ ಬಿಟ್ಟರು. ತಮ್ಮ ಕಣ್ಣರಳಿಸಿ ಕೇಳಿದ. ಆಮೇಲೆ, "ಅವ್ರು ಕುಂತಿದ್ದಾಗ ಮನೆ ನಡೀತಿತ್ತಲ್ಲಕ್ಕ" ಎಂದ.

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ಏಪ್ರಿಲ್ 9, ಮಂಗಳವಾರ. ಯುಗಾದಿ

ಹೊನ್ನಾರು ಕಟ್ಟಿದರು. ಬರದ ವರ್ಷ, ನೆಲ ಕಲ್ಲಾಗಿದೆ, ಶಾಸ್ತ್ರಕ್ಕೆ ನಾಲ್ಕು ಸಾಲು. ನೇಗಿಲು ಹಿಡಿದವನು ದೊಡ್ಡಪ್ಪನ ಮಗ.

ಸ್ಲಿಂಗ್ ಆರು ವಾರ. ಈ ವಾರಕ್ಕೆ ಮುಗಿಯುತ್ತದೆ. ನೋವು ಹೋಗಿದೆ, ಅದೇ ಅಪಾಯ. ಹೊಲಿದ ರಜ್ಜು ಮೂಳೆಗೆ ಬೆಸೆದುಕೊಳ್ಳಲು ತಿಂಗಳುಗಳು ಬೇಕು, ಅಲ್ಲಿಯ ತನಕ ಹಿಡಿದಿಟ್ಟಿರುವುದು ಬರೀ ದಾರ. ಮೊನ್ನೆ ನೀರಿನ ಕೊಡ ಎತ್ತಲು ಬಗ್ಗಿದವನನ್ನು ಅವನ ಮಗಳೇ ಗದರಿದಳು. ಬೀಡಿ ಬಿಡು ಎಂದು ವೈದ್ಯರು ಹೇಳಿದ್ದರು. ತಂಬಾಕಿನಿಂದ ರಕ್ತ ಓಡಾಟ ತಗ್ಗಿ ಬೆಸುಗೆ ನಿಧಾನವಾಗುತ್ತದೆ. ಬಿಟ್ಟಿದ್ದಾನೆ ಎನ್ನುತ್ತಾನೆ, ಅವನ ಹೆಂಡತಿ, ನನ್ನ ನಾದಿನಿಯೂ ಹೌದು ಎನ್ನುತ್ತಾಳೆ.

ದಿನಕ್ಕೆ ಹಲವು ಸಲ ಸೊಂಟ ಬಗ್ಗಿಸಿ, ಕೈಯನ್ನು ಸಡಿಲವಾಗಿ ಇಳಿಬಿಟ್ಟು, ಮೈಯನ್ನು ತೂಗಿ ಕೈ ತಾನಾಗಿ ಸುತ್ತುವಂತೆ ಮಾಡುವ ಅಭ್ಯಾಸ. ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್ಮನ್ ಹೆಸರಿನಲ್ಲಿ ಅದು ನಡೆಯುತ್ತದೆ. 1911ರಲ್ಲಿ ಹರಿದ ಸುಪ್ರಾಸ್ಪೈನೇಟಸ್ ಹೊಲಿದ ವಿವರ ಪ್ರಕಟಿಸಿದವನೂ ಅವನೇ, 1934ರಲ್ಲಿ ಹೆಗಲಿನ ಬಗ್ಗೆಯೇ ದೊಡ್ಡ ಪುಸ್ತಕ ಬರೆದವನೂ ಅವನೇ. ಆಪರೇಷನ್ ಆದ ಮೇಲೆ ರೋಗಿಗಳು ಏನಾದರು ಎಂದು ವರ್ಷಗಟ್ಟಲೆ ಹಿಂದೆ ಬಿದ್ದು ಲೆಕ್ಕ ಇಡಬೇಕು, ಆಸ್ಪತ್ರೆಗಳು ಅದನ್ನು ಜನರ ಮುಂದಿಡಬೇಕು ಎಂದು ಹಟ ಹಿಡಿದು ಸಹೋದ್ಯೋಗಿಗಳ ಸಿಟ್ಟು ಕಟ್ಟಿಕೊಂಡವನು. ಈ ಮನುಷ್ಯ ನನಗೆ ಬಹಳ ಇಷ್ಟವಾದ.

ಏಪ್ರಿಲ್ 26, ಶುಕ್ರವಾರ

ಓಟು ಹಾಕಿ ಬಂದ. ಸಹಿ ಬಲಗೈಯಲ್ಲಿ ತಾನೇ ಹಾಕಿದನಂತೆ.

ಜೂನ್ 3, ಸೋಮವಾರ

ಮೂರು ತಿಂಗಳು ದಾಟಿತು. ಗೋಡೆಗೆ ಬೆರಳು ಹತ್ತಿಸುತ್ತಾ ಏರಿಸುವ ಅಭ್ಯಾಸದಲ್ಲಿ ತಲೆಯ ಮಟ್ಟ ದಾಟಿದ್ದಾನೆ. ಇನ್ನು ರಬ್ಬರ್ ಪಟ್ಟಿ ಎಳೆದು ಬಲ ಕೂಡಿಸುವುದು. ಫಿಸಿಯೋ ಹೇಳಿಕೊಟ್ಟದ್ದನ್ನು ಅವ್ವನೂ ಪಕ್ಕದಲ್ಲಿ ನಿಂತು ತನ್ನ ಪಾಲಿನದು ಮಾಡುತ್ತಾಳೆ. ಅವಳ ಕೈ ಕಿವಿಯ ತನಕ ಬಂದಿದೆ. ಫಿಸಿಯೋ ನೋಡಲು ಪ್ರತಿ ಸಲ ಪಟ್ಟಣಕ್ಕೆ ಹೋಗಬೇಕು. ಆ ದಿನ ಜೊತೆಗೆ ಬಂದವರ ಕೂಲಿ ಹೋಗುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ವಾರಕ್ಕೊಮ್ಮೆ ಒಬ್ಬ ಫಿಸಿಯೋಥೆರಪಿಸ್ಟ್ ಬಂದರೆ ಈ ಸೀಮೆಯ ಎಷ್ಟು ಹೆಗಲು, ಸೊಂಟ, ಮೊಣಕಾಲು ಆಪರೇಷನ್ ಇಲ್ಲದೆ ಸರಿಹೋಗಬಹುದು!

ನಾದಿನಿ ಇವತ್ತು ತನ್ನ ಎಡ ಹೆಗಲು ಹಿಡಿದುಕೊಂಡು ಕೂತಿದ್ದಳು. ಮಾರ್ಚಿನಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ, ಮೇವಿನ ಹೊರೆ, ನೀರು, ಸೌದೆ, ಗಂಡನ ಪಾಲಿನದೆಲ್ಲ ಅವಳ ಮೇಲೆ. ನಾಳೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ, ಕಾಯುವುದಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಆರು ತಿಂಗಳು. ಕೈ ಪೂರ್ತಿ ಏಳುತ್ತದೆ. ಮೊನ್ನೆ ಕಂಸಾಳೆ ಹಿಡಿದು ಮೆಲ್ಲಗೆ ಬೀಸಿದ. ಭಾರವಾದ ಹೊರೆಯನ್ನು ತಲೆಯ ಮೇಲಕ್ಕೆ ಎತ್ತುವ ಕೆಲಸಕ್ಕೆ ಮರಳಬೇಡಿ, ಮತ್ತೆ ಹರಿಯಬಹುದು ಎಂದು ಸರ್ಜನ್ ಸ್ಪಷ್ಟವಾಗಿ ಹೇಳಿದ್ದಾರೆ. ಕಟಾವಿನ ಗುಂಪಿನವರು ಬಂದು ಕರೆದರು. ಬರಲ್ಲ ಎಂದ. ಕಬ್ಬಿಗೆ ನೀರು ಕಟ್ಟುವುದು, ರೇಷ್ಮೆ ಹುಳು ಸಾಕುವುದು, ಇಷ್ಟರಲ್ಲೇ ನಡೆಸಬೇಕು. ಸಾಲ ಇದೆ. ಆಸ್ಪತ್ರೆಗೆ ಆದದ್ದಕ್ಕಿಂತ, ಕೂತು ಉಂಡ ಆರು ತಿಂಗಳಿಗೆ ಆದ ಸಾಲವೇ ಹೆಚ್ಚು.

ಇಎಸ್‌ಐ ಎಂಬ ಕಾರ್ಮಿಕ ವಿಮಾ ಕಾಯಿದೆ ತೆಗೆದು ಓದಿದೆ. ಪಟ್ಟಣದ ಕಾರ್ಖಾನೆಯಲ್ಲಿ ವಿಮೆ ಇರುವ ಕಾರ್ಮಿಕನಿಗೆ ಕಾಯಿಲೆಯಾದರೆ ವರ್ಷದಲ್ಲಿ 91 ದಿನದ ತನಕ ಸಂಬಳದ ಶೇಕಡ 70 ಸಿಗುತ್ತದೆ. 1948ರ ಈ ಕಾಯಿದೆ ಋತುಮಾನದ ಕಾರ್ಖಾನೆಗಳನ್ನು ಹೊರಗಿಟ್ಟಿದೆ, ಸಕ್ಕರೆ ಮತ್ತು ಬೆಲ್ಲದ ತಯಾರಿಕೆ ಆ ಪಟ್ಟಿಯಲ್ಲೇ ಇದೆ. ಗದ್ದೆಯಲ್ಲಿ ಕಬ್ಬು ಕಡಿದು ಹೊರುವವನ ಹೆಸರಂತೂ ಅದರ ಹತ್ತಿರಕ್ಕೂ ಸುಳಿಯುವುದಿಲ್ಲ. ಆರೋಗ್ಯ ಕಾರ್ಡು, ಯಶಸ್ವಿನಿ ಯೋಜನೆ ಎರಡೂ ಆಸ್ಪತ್ರೆಗೆ ಹಣ ಕೊಡುತ್ತವೆ, ಮನೆಯ ಒಲೆಗೆ ಕೊಡುವುದಿಲ್ಲ. ಹೊಲಿದ ಹೆಗಲಿಗೆ ಆರು ತಿಂಗಳ ವಿಶ್ರಾಂತಿ ಬೇಕು ಎಂದು ವೈದ್ಯಶಾಸ್ತ್ರ ಹೇಳಿದ ಮೇಲೆ, ಆ ವಿಶ್ರಾಂತಿಯೂ ಚಿಕಿತ್ಸೆಯ ಭಾಗವೇ. ಕೂಲಿಯಿಲ್ಲದ ವಿಶ್ರಾಂತಿಯನ್ನು ಬಡವನಿಗೆ ಬರೆದುಕೊಟ್ಟರೆ ಅವನು ಎರಡನೇ ತಿಂಗಳಿಗೇ ಹೊರೆಗೆ ಹೆಗಲು ಕೊಡುತ್ತಾನೆ, ರಜ್ಜು ಮತ್ತೆ ಹರಿಯುತ್ತದೆ, ಸರ್ಕಾರ ಆಸ್ಪತ್ರೆಗೆ ಕಟ್ಟಿದ ಹಣವೂ ಹೋಗುತ್ತದೆ.

ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಿದ್ದೇನೆ. ಕಬ್ಬು ಕಡಿದು ಹೊರುವ ಪ್ರತಿಯೊಬ್ಬರಿಗೂ ಗಾಯದ ಕಾಲದಲ್ಲಿ ಕೂಲಿ ಭತ್ಯೆ ಸಿಗಬೇಕು, ಆರೋಗ್ಯ ಕೇಂದ್ರಕ್ಕೆ ಫಿಸಿಯೋಥೆರಪಿಸ್ಟ್ ಬರಬೇಕು ಎಂದು. ಮೊದಲ ಸಹಿ ತಮ್ಮನದು, ಎರಡನೆಯದು ನಾದಿನಿಯದು. ಊರಿನ ಉಳಿದವರೂ ಹಾಕಬೇಕು.